ಪುಟ್ಟಿಯ ಇಂಗ್ಲಿಷ್ ಓದು

ಲೆಸ್ಟರ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಮ್ಮನಿಗೆ ನಮಸ್ಕಾರ ಹೇಳು.

ಪುಟ್ಟಿ ಇಂಗ್ಲಿಷ್ ಪುಸ್ತಕ ತೆಗೆದರೆ ಸಾಕು ಎದ್ದು ಓಡ್ತಾಳೆ, ಟ್ಯೂಷನ್‌ಗೆ ಹಾಕಲಾ ಅಂತ ಕೇಳಿದ್ದೀಯ. ಬೇಡ. ಎರಡನೇ ಕ್ಲಾಸಿನ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ಪಕ್ಕದಲ್ಲಿ ಕೂರೋರು ಒಬ್ಬರು ಬೇಕು, ಪಠ್ಯಪುಸ್ತಕಕ್ಕಿಂತ ಸುಲಭವಾದ ಕಥೆಪುಸ್ತಕ ಬೇಕು.

ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. 'ಬಿ, ಎ, ಟಿ' ಅಂತ ಹೇಳಿ ಅಲ್ಲೇ ನಿಂತುಬಿಡ್ತಾಳೆ. ಅಕ್ಷರದ ಹೆಸರುಗಳನ್ನು ಎಷ್ಟು ಕೂಡಿಸಿದರೂ ಪದ ಹುಟ್ಟಲ್ಲ. ಇಲ್ಲಿ ಶಾಲೆಗಳಲ್ಲಿ ಸದ್ದಿನಿಂದ ಶುರುಮಾಡ್ತಾರೆ, ಅದೂ ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ. ಇಷ್ಟರಲ್ಲೇ ಸ್ಯಾಟ್, ಪಿನ್, ಟ್ಯಾಪ್, ಟಿನ್, ಆ್ಯಂಟ್ ಎಲ್ಲ ಓದಬಹುದು.

ನಮ್ಮ ಮಕ್ಕಳು ಎಡವೋದು ಎಲ್ಲಿ ಗೊತ್ತಾ? ಕನ್ನಡದ 'ಬ'ದೊಳಗೆ 'ಅ' ಕೂತಿದೆ. ಹಾಗಾಗಿ 'ಬ, ಆ್ಯ, ಟ' ಅಂತಾರೆ, ಅದು ಬ್ಯಾಟ್ ಆಗೋದೇ ಇಲ್ಲ. ಸ್ಲೇಟಿನ ಮೇಲೆ 'ಬ್, ಆ್ಯ, ಟ್' ಅಂತ ಅರ್ಧಾಕ್ಷರದಲ್ಲಿ ಬರೆದು ತೋರಿಸು, ತಕ್ಷಣ ಹಿಡೀತಾಳೆ. ಇಲ್ಲಿನ ಟೀಚರುಗಳು ಬಾಯಲ್ಲಿ ಹೇಳಿ ಹೇಳಿ ಸುಸ್ತಾಗೋದನ್ನ ನಮ್ಮ ಲಿಪಿ ಒಂದು ಗೀಟಿನಲ್ಲಿ ಮುಗಿಸುತ್ತೆ! ಇನ್ನೊಂದು, ಕೊನೆಗೆ 'ಉ' ಅಂಟಿಸೋ ಚಾಳಿ: ಬಸ್ಸು, ಕಾರು. ಮಾತಿನಲ್ಲಿ ಇರಲಿ ಬಿಡು, ಸದ್ದು ಕೂಡಿಸುವಾಗ ಮಾತ್ರ ಬೇಡ.

ಬರೆದಂತೆ ಓದೋದು ಕನ್ನಡದ ಅಭ್ಯಾಸ. ಅದಕ್ಕೇ 'ಸೆಡ್' (said) ಅನ್ನೋ ಪದವನ್ನ 'ಸೈಡ್' ಅಂತಾಳೆ, 'ಒನ್' (one) ಅನ್ನೋದನ್ನ 'ಓನೆ' ಅಂತಾಳೆ. ಅದು ದಡ್ಡತನ ಅಲ್ಲ. ಇಂಥ ಪದಗಳನ್ನ ವಾರಕ್ಕೆ ಎರಡರಂತೆ ಅಡುಗೆಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡು.

ಇಂಗ್ಲೆಂಡಿನಲ್ಲಿ 2012ರಿಂದ ಶಾಲೆಯ 'ಇಯರ್ ಒನ್' (ಐದಾರು ವರ್ಷದ ಮಕ್ಕಳ ತರಗತಿ) ಕೊನೆಗೆ ಮಕ್ಕಳ ಹತ್ತಿರ 40 ಪದ ಓದಿಸಿ ನೋಡ್ತಾರೆ, ಅದರಲ್ಲಿ 20 ಅರ್ಥವೇ ಇಲ್ಲದ ಪದಗಳು. ಸದ್ದು ಕೂಡಿಸೋಕೆ ಬರುತ್ತಾ ಅನ್ನೋದು ಅದರಿಂದ ತಿಳಿಯುತ್ತೆ, ಪುಸ್ತಕ ಇಷ್ಟವಾ ಅನ್ನೋದು ತಿಳಿಯಲ್ಲ. ಇಷ್ಟ ಬರೋದು ಕಥೆಯಿಂದ.

ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತೆ. ನಾಲ್ಕು ಹಂತ ಇವೆ, ಒಂದನೇ ಹಂತದ್ದನ್ನೇ ತಗೋ. ಮೊದಲ ರಾತ್ರಿ ಅಮ್ಮ ಕನ್ನಡದಲ್ಲಿ ಓದಲಿ. ಮಾರನೇ ದಿನ ಅದೇ ಕಥೆಯನ್ನ ನೀನು ಪದದ ಕೆಳಗೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಓದು. ಮೂರನೇ ದಿನ ಮತ್ತೆ ಮತ್ತೆ ಬರೋ ಸಾಲಿನ ಕೊನೇ ಪದವನ್ನ ಅವಳಿಗೆ ಬಿಡು. ನಾಲ್ಕನೇ ದಿನ ಒಂದು ಪುಟ ಅವಳದು, ಒಂದು ಪುಟ ನಿನ್ನದು. ಕಥೆ ಮೊದಲೇ ಗೊತ್ತಿರೋದರಿಂದ ಸಾಲುಸಾಲಿಗೂ ಅರ್ಥ ಹೇಳೋ ಕೆಲಸ ತಪ್ಪುತ್ತೆ. ಓದು ಕೆಡೋದೇ ಆ ಅರ್ಥ ಹೇಳೋ ಚಟದಿಂದ.

ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸು. ಆಮೇಲೂ ಬರದಿದ್ದರೆ ಪದ ಹೇಳಿಕೊಟ್ಟು ಮುಂದಕ್ಕೆ ಹೋಗು. ಇಪ್ಪತ್ತು ಪದದ ಪುಟದಲ್ಲಿ ಮೂರು ಸಲ ನಿಂತರೆ ಆ ಪುಸ್ತಕ ಅವಳಿಗೆ ಭಾರ, ಅದನ್ನ ನೀನೇ ಓದಿ ಹೇಳು. ಓದಿದ ಮೇಲೆ ಪ್ರಶ್ನೆ, ಕಾಪಿರೈಟಿಂಗ್ ಯಾವುದೂ ಬೇಡ. ನಿನ್ನ ಉಚ್ಚಾರಣೆ ಬಗ್ಗೆ ಸಂಕೋಚವನ್ನೂ ಬಿಡು, ನೀನು ಪಕ್ಕದಲ್ಲಿ ಕೂತಿರೋದೇ ಅವಳಿಗೆ ಮುಖ್ಯ.

ಪಂಚಾಯ್ತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಶನಿವಾರ ಕರ್ಕೊಂಡು ಹೋಗು, ಪುಸ್ತಕ ಅವಳೇ ಆರಿಸಲಿ, ಚಿತ್ರ ನೋಡಿ ಆರಿಸಿದರೂ ಪರವಾಗಿಲ್ಲ.

ಹದಿನೈದು ದಿನ ಆದಮೇಲೆ ಬರಿ. ಎಷ್ಟು ಓದಿದಳು ಅಂತಲ್ಲ, ಯಾವ ಪುಸ್ತಕವನ್ನ 'ಇನ್ನೊಂದ್ಸಲ' ಅಂದಳು ಅಂತ.

ಇಂತಿ,
ನಿನ್ನ ಅಕ್ಕ