ಸೆಪ್ಟೆಂಬರ್ 17ಕ್ಕೂ ಮನೆಮಂದಿ ಕೂಡೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಆಗಸ್ಟ್ 15 ಬಂತೆಂದರೆ ನಮ್ಮ ಮನೆ ತುಂಬುತ್ತದೆ. ಶ್ರಾವಣದ ದಿನಗಳು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಕೆಲವು ವರ್ಷ ಹಾಗೇ ಉಳಿದಿರುತ್ತಾರೆ, ಬೆಂಗಳೂರಿಗೆ ದುಡಿಯಲು ಹೋದ ತಮ್ಮಂದಿರು ರಜೆ ಕೂಡಿಸಿಕೊಂಡು ಮಕ್ಕಳ ಸಮೇತ ಬಂದುಬಿಡುತ್ತಾರೆ. ಬೆಳಿಗ್ಗೆ ಹುಡುಗರೆಲ್ಲ ಊರ ಶಾಲೆಗೆ ಹೋಗಿ, ಪ್ರಭಾತ ಫೇರಿಯಲ್ಲಿ ಗಂಟಲು ಹರಿಯುವಂತೆ ಜೈಕಾರ ಹಾಕಿ, ಬೂಂದಿ ಪೊಟ್ಟಣ ಹಿಡಿದು ಮನೆಗೆ ಬರುತ್ತಾರೆ. ಬಂದವರಿಗೆಲ್ಲ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ಬೀದಿಯಲ್ಲಿ ಬಿದ್ದ ಕಾಗದದ ಬಾವುಟಗಳನ್ನು ಸಂಜೆ ಆಯ್ದು ತರುವ ಕೆಲಸವೂ ಈ ಮಕ್ಕಳದ್ದೇ. ಯಾರೂ ಹೇಳಿಕೊಡದೆ ಶುರು ಮಾಡಿದ್ದಾರೆ, ನೋಡಿದರೆ ಹೆಮ್ಮೆಯಾಗುತ್ತದೆ.

ಇದೆಲ್ಲ ಹೀಗೇ ನಡೆಯಲಿ. ನಾನು ಬರೆಯುತ್ತಿರುವುದು ಅದಾದ ಒಂದು ತಿಂಗಳಿಗೆ ಬರುವ ಸೆಪ್ಟೆಂಬರ್ 17ರ, ನಮ್ಮ ಭಾಗದ ವಿಮೋಚನಾ ದಿನದ ಬಗ್ಗೆ. ಅವತ್ತು ನಮ್ಮ ಭಾಗದ ಶಾಲೆ, ಕಚೇರಿಗಳಲ್ಲಿ ಮತ್ತೊಮ್ಮೆ ಬಾವುಟ ಏರುತ್ತದೆ. ಆದರೆ ಮನೆಗೆ ಯಾರೂ ಬರುವುದಿಲ್ಲ, ಒಲೆ ಮೇಲೆ ಬಾಣಲೆ ಏರುವುದಿಲ್ಲ. ಹತ್ತು ಗಂಟೆಯೊಳಗೆ ಭಾಷಣ ಮುಗಿದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ. ಹೋದ ವರ್ಷ ಊರಿನ ಒಂದಿಬ್ಬರು ಹುಡುಗರನ್ನು ಮಾತಾಡಿಸಿದೆ, ಇವತ್ತೇನು ಕಾರ್ಯಕ್ರಮ ಅಂತ. ಬಾವುಟ ಹಾರಿಸಿದರು, ಲಾಡು ಕೊಟ್ಟರು ಅಂದರು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.

ಗೊತ್ತಿರಬೇಕಲ್ವಾ? ಕೊಪ್ಪಳ, ರಾಯಚೂರಿನವರಿಗೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಸಿಗಲೇ ಇಲ್ಲ. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಗೇ ಸೇರಿತ್ತು, ಜಿಲ್ಲೆ ಪೂರ್ತಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ದಿಲ್ಲಿಯಲ್ಲಿ ಬಾವುಟ ಏರಿದ ಮೇಲೂ ಹದಿಮೂರು ತಿಂಗಳು ನಮ್ಮವರು ಕಾಯಬೇಕಾಯಿತು.

ಇದನ್ನು ಮಕ್ಕಳಿಗೆ ಪುಸ್ತಕದಿಂದ ಓದಿ ಹೇಳಿದರೆ ಆಕಳಿಸುತ್ತಾರೆ. ಆನೆಗೊಂದಿಗೆ ಕರೆದುಕೊಂಡು ಹೋಗಿ ಹೊಳೆದಂಡೆಯಲ್ಲಿ ನಿಲ್ಲಿಸಿ ನೋಡಿ, ಆಗ ಗೊತ್ತಾಗುತ್ತದೆ. ನಾನು ಅದನ್ನೇ ಮಾಡಿದೆ. ಎದುರಿಗೆ ಕಾಣುವ ಹಂಪಿ ಕಡೆಯದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ನಾವು ನಿಂತಿರುವ ದಂಡೆ ನಿಜಾಮನದು, ನಡುವೆ ಇದೊಂದು ತುಂಗಭದ್ರೆ, ಆ ದಂಡೆಯವರಿಗೆ ಸ್ವಾತಂತ್ರ್ಯ ಬಂದಿತ್ತು, ಈ ದಂಡೆಯವರಿಗೆ ಬಂದಿರಲಿಲ್ಲ ಅಂದೆ. ನನ್ನ ತಂಗಿಯ ಮಗಳು, ಇನ್ನೂ ಮೂರನೇ ಕ್ಲಾಸು, ಹೊಳೆ ಕಡೆ ನೋಡುತ್ತ, "ಹಂಗಾರ ಹರಿಗೋಲು ಹತ್ತಿ ಆ ಕಡಿಗೆ ಹೋಗಿಬಿಡಬೇಕಿತ್ತಲ್ಲ ಮಾಮಾ?" ಅಂದಳು.

ಹೋದವರೂ ಇದ್ದರು. ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ ಜಾಸ್ತಿಯಾದಾಗ ಎಷ್ಟೋ ಮನೆಯವರು ಗಡಿ ದಾಟಿ ನೆಂಟರ ಊರು ಸೇರಿಕೊಂಡರು. ಪಶ್ಚಿಮಕ್ಕೆ ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿತ್ತು, ಅಂದರೆ ಸ್ವತಂತ್ರ ಭಾರತ. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಅಲ್ಲೇ ಶಿಬಿರ ಕಟ್ಟಿದರು. ನಮ್ಮ ಕಡೆಯ ಹಳ್ಳಿಗಳ ಹುಡುಗರು ಮನೆ ಬಿಟ್ಟು ಹೋಗಿ ಆ ಶಿಬಿರ ಸೇರಿ ಹೋರಾಡಿದರು. ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಬಂತು, 17ರಂದು ನಿಜಾಮ ಶರಣಾದ. ಸೇನೆಯ ಈ ಕಾರ್ಯಾಚರಣೆಗೆ ನಮ್ಮ ಹಿರಿಯರು ಈಗಲೂ ಪೊಲೀಸ್ ಆಕ್ಷನ್ ಅಂತಲೇ ಹೇಳುವುದು.

ನಮ್ಮವ್ವ ಆಗ ಸಣ್ಣ ಹುಡುಗಿ. ಮನೆಯವರೆಲ್ಲ ರಾತ್ರೋರಾತ್ರಿ ಗಾಡಿ ಕಟ್ಟಿ ಮುಂಡರಗಿ ಕಡೆಗೆ ಹೊರಟಿದ್ದು, ಸದ್ದಾಗಬಾರದು ಅಂತ ಎತ್ತಿನ ಕೊರಳ ಗೆಜ್ಜೆ ಬಿಚ್ಚಿ ಜೋಳದ ಚೀಲದೊಳಗೆ ಹೂತಿಟ್ಟಿದ್ದು, ಎಚ್ಚರಾದ ತಮ್ಮನ ಬಾಯಿಗೆ ಬೆಲ್ಲ ಇಟ್ಟು ಸುಮ್ಮನಿರಿಸಿದ್ದು, ಎಲ್ಲ ಅವಳಿಗೆ ನೆನಪಿದೆ. ಇದನ್ನು ಮೊಮ್ಮಕ್ಕಳಿಗೆ ಹೇಳಿದಾಗ ಒಬ್ಬರೂ ಮೊಬೈಲ್ ಕೇಳಲಿಲ್ಲ. ಗೆಜ್ಜೆ ಈಗೆಲ್ಲಿದೆ ಅಂತ ಕೇಳಿದರು. ಅಟ್ಟದ ಮೇಲೆ ಹುಡುಕಿಸಿದರು. ಗೆಜ್ಜೆ ಸಿಗಲಿಲ್ಲ. ಆಮೇಲೆ ಅಂಗಳದಲ್ಲಿ ನೀಲಿ ರಂಗೋಲಿಯಿಂದ ಹೊಳೆ ಬರೆದು ಕೆರೆ-ದಡ ಆಟವನ್ನೇ ತಮಗೆ ಬೇಕಾದ ಹಾಗೆ ಮಾಡಿಕೊಂಡರು. ಯಾರಾದರೂ "ಹದಿನೇಳು" ಅಂತ ಕೂಗಿದರೆ ಎಲ್ಲರೂ ಒಟ್ಟಿಗೆ ಆ ದಂಡೆಗೆ ಜಿಗಿಯಬೇಕು. ಕತ್ತಲಾದರೂ ಆಟ ಬಿಡಲಿಲ್ಲ.

ಈ ಕಥೆ ಹೇಳುವಾಗ ದೊಡ್ಡವರು ಒಂದು ಮಾತು ನೆನಪಿಡಬೇಕು. ರಜಾಕಾರರು ಅಂದ ಕೂಡಲೇ ಪಕ್ಕದ ಮನೆಯ ಮುಸ್ಲಿಮರನ್ನು ಬೆರಳು ಮಾಡಿ ತೋರಿಸುವಂತೆ ಆಗಬಾರದು. ಹೈದರಾಬಾದಿನಲ್ಲಿ ಉರ್ದು ಪತ್ರಿಕೆ ನಡೆಸುತ್ತಿದ್ದ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರಬೇಕು ಅಂತ ಬರೆದಿದ್ದಕ್ಕೇ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಪೊಲೀಸ್ ಆಕ್ಷನ್ ಆದ ಮೇಲೆ ತಪ್ಪೇ ಮಾಡದ ಎಷ್ಟೋ ಮುಸ್ಲಿಮರು ಜೀವ ಕಳೆದುಕೊಂಡರು. ಹೈಸ್ಕೂಲ್ ಮಕ್ಕಳಿಗೆ ಇದನ್ನೂ ಮುಚ್ಚಿಡದೆ ಹೇಳಬೇಕು. ಅರ್ಧ ಕಥೆ ಹೇಳುವುದಕ್ಕಿಂತ ಹೇಳದಿರುವುದೇ ಮೇಲು ಅಂತ ನನಗನ್ನಿಸುತ್ತದೆ.

ಬಳ್ಳಾರಿಯ ನಮ್ಮ ಬೀಗರು, ನಿಮ್ಮದು ನಿಮಗೆ, ನಮ್ಮ ಲೆಕ್ಕವೇ ಬೇರೆ ಅನ್ನುತ್ತಾರೆ. ನಿಜ. ಅವರಿಗೆ ಸ್ವಾತಂತ್ರ್ಯ ಮೊದಲೇ ಬಂತು, ಆದರೆ ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರಲು 1953ರ ಅಕ್ಟೋಬರ್ 1ರವರೆಗೆ ಕಾಯಬೇಕಾಯಿತು. ಆ ದಿನ ಅವರೂ ಮಕ್ಕಳನ್ನು ಕೂರಿಸಿಕೊಂಡು ಹೇಳಲಿ, ನಾವು ಕೇಳಲು ಹೋಗುತ್ತೇವೆ.

2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರು ಬಂತು, ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಉತ್ಸವ ಜೋರಾಗಿ ನಡೆಯುತ್ತದೆ, ಸಂತೋಷ. ಆದರೆ ವೇದಿಕೆಯ ಮುಂದಿನ ಕುರ್ಚಿಯಲ್ಲಿ ಸಣ್ಣ ಮಕ್ಕಳು ಎಷ್ಟು ಹೊತ್ತು ಕೂರುತ್ತಾರೆ ಹೇಳಿ. ಅವರಿಗೆ ಬೇಕಾಗಿರುವುದು ಅಜ್ಜಿಯ ಮಗ್ಗುಲು, ಓರಗೆಯ ಹುಡುಗರು, ಕೈಯಲ್ಲೊಂದು ಮಿರ್ಚಿ. ಎಲ್ಲರಿಗೂ ಅದೇ ದಿನ ಬರಲಾಗದಿದ್ದರೆ ಹತ್ತಿರದ ಭಾನುವಾರ ಕೂಡಿದರಾಯಿತು. ಸೆಪ್ಟೆಂಬರ್‌ನಲ್ಲಿ ಗಣಪತಿ ಹಬ್ಬ ಬಂದ ವರ್ಷ ಹೇಗೂ ಜನ ಊರಲ್ಲೇ ಇರುತ್ತಾರೆ. ಬಾವುಟವನ್ನು ಮನೆ ಮೇಲೂ ಹಾರಿಸಬಹುದು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಬಾವುಟ ನಮಗೆ ದೂರವೇನೂ ಅಲ್ಲ. ಶಾಲೆಯವರು ಅವತ್ತು ಭಾಷಣ ಸ್ವಲ್ಪ ಕಡಿಮೆ ಮಾಡಿ ಊರಿನ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಕರೆಸಿ ಮಕ್ಕಳ ನಡುವೆ ಕೂರಿಸಲಿ. ಆ ದಿನಗಳನ್ನು ಕಣ್ಣಾರೆ ಕಂಡವರೆಲ್ಲ ಈಗ ಎಂಬತ್ತು ದಾಟಿದವರು. ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಇನ್ನು ತಡ ಮಾಡುವ ಹಾಗಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಆಗಸ್ಟ್ 15ರಿಂದ ಸೆಪ್ಟೆಂಬರ್ 17ರವರೆಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದಿನಕ್ಕೊಬ್ಬ ಹಿರಿಯರ ನೆನಪನ್ನು ನಾಲ್ಕೇ ನಾಲ್ಕು ಸಾಲಿನಲ್ಲಾದರೂ ಹಾಕಿ, ಅವರ ಊರಿನ ಹೆಸರೂ ಇರಲಿ. ಮಕ್ಕಳು ತಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಬರೆದು ಕಳಿಸಲಿ ಅಂತ ಒಂದು ಪ್ರಕಟಣೆ ಕೊಟ್ಟರೆ ಸಾಕು. ನಮ್ಮವ್ವ ಹೇಳಿದ್ದನ್ನು ನಮ್ಮ ಮನೆಯ ಹುಡುಗರು ಈಗಾಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಯಾವ ವಿಳಾಸಕ್ಕೆ ಕಳಿಸಬೇಕು ತಿಳಿಸಿ.

ಇಂತಿ,
ನಿಮ್ಮ ಓದುಗ
ಕೊಪ್ಪಳ ತಾಲ್ಲೂಕು