ಹಲ್ಲಿಗೆ ಕ್ಯಾಲೆಂಡರ್ ನೋಡಿ ಹುಳದ ಔಷಧಿ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಸಾಕುಪ್ರಾಣಿಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ನಾಯಿ, ಬೆಕ್ಕಿನ ವಿಷಯವೆಲ್ಲ ಚೆನ್ನಾಗಿಯೇ ಇತ್ತು. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಕೊಂಡಿತ್ತು. ಹಲ್ಲಿ, ಆಮೆ ಸಾಕಿದವರೂ ಮೂರು ತಿಂಗಳಿಗೊಮ್ಮೆ ತಪ್ಪದೆ ಜಂತುಹುಳದ ಔಷಧಿ ಹಾಕಬೇಕು ಅಂತ. ಆ ಒಂದು ಸಾಲಿಗಾಗಿ ಈ ಕಾಗದ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳು. ಡಾಕ್ಟರ ಚೀಟಿ ಓದುವುದು, ಡೋಸ್ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಹಾಗಿದ್ದೂ ನಮ್ಮ ಮನೆಯ ಹಲ್ಲಿಗೆ ಹತ್ತು ಪಟ್ಟು ಔಷಧಿ ಕುಡಿಸುವುದರಲ್ಲಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹಲ್ಲಿ ಅಂದರೆ ಗೋಡೆ ಮೇಲೆ ಓಡಾಡುವ ಹಲ್ಲಿಯಲ್ಲ. ಬಿಯರ್ಡೆಡ್ ಡ್ರ್ಯಾಗನ್ ಅಂತ, ಆಸ್ಟ್ರೇಲಿಯಾದ ಒಣ ನೆಲದ ಜೀವಿ. ನೋಡಲು ಓತಿಕ್ಯಾತನ ದೊಡ್ಡಣ್ಣ. ಗಂಟಲ ಕೆಳಗೆ ಮುಳ್ಳುಮುಳ್ಳಾದ ಗಡ್ಡ, ಸಿಟ್ಟು ಬಂದರೆ ಅದು ಕಪ್ಪಾಗುತ್ತದೆ. ಹಟ ಹಿಡಿದು ತಂದವಳು ಮಗಳು, ಗುಂಡ ಅಂತ ಹೆಸರಿಟ್ಟವಳೂ ಅವಳೇ. ಅವನ ಗೂಡು ತೊಳೆಯುವವಳು ನಾನು. ಎಲ್ಲ ಮನೆಯಲ್ಲೂ ಹೀಗೇ ಅಲ್ವಾ?

ಗುಂಡನಿಗೆ ಮೂರು ವರ್ಷ ತುಂಬಿದ ಮೇಲೆ ಇಳಿಯತೊಡಗಿದ. ತಿನ್ನುವುದೇನೂ ಕಮ್ಮಿಯಾಗಿರಲಿಲ್ಲ. ಆದರೂ ಆರು ವಾರದಲ್ಲಿ ತೂಕ 362 ಗ್ರಾಂನಿಂದ 320ಕ್ಕೆ ಬಂತು. ಬಾಲದ ಬುಡ ಗುಳಿಬಿತ್ತು. ಹಿಕ್ಕೆ ತೆಳ್ಳಗಾಗಿ, ಕೋಣೆಗೆ ಕಾಲಿಡುವ ಮೊದಲೇ ವಾಸನೆ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ಹಿಕ್ಕೆಯಲ್ಲಿ ಬಿಳಿ ದಾರದ ಚೂರುಗಳು. ಕೆಲವೇ ಮಿಲಿಮೀಟರ್ ಉದ್ದ. ಇನ್ನಷ್ಟು ಬಗ್ಗಿದೆ. ದಾರ ಅಲ್ಲಾಡಿತು.

ಕೌಂಟರಿನವಳ ಬುದ್ಧಿ ಮೊದಲು ಓಡುವುದು ಕಪಾಟಿನ ಕಡೆಗೇ. ಹುಳದ ಔಷಧಿಗೇನು ಬರ, ಸಾಲಾಗಿ ನಿಂತಿವೆ. ಆಮೆ ಸಾಕಿರುವ ಪರಿಚಯದವರೊಬ್ಬರು ‘ಸುಮ್ನೆ ಐವರ್ಮೆಕ್ಟಿನ್ ಹಾಕಿ, ನಾಯಿಗೆ ಹಾಕ್ತಾರಲ್ಲ’ ಅಂದರು. ಪುಣ್ಯಕ್ಕೆ ಇದೊಂದು ನನಗೆ ಗೊತ್ತಿತ್ತು. ಆಮೆಗೆ ಐವರ್ಮೆಕ್ಟಿನ್ ಅಂದರೆ ವಿಷವೇ. ನರಗಳು ಸೋತು, ಕೈಕಾಲು ಬಿದ್ದು ಸಾಯುತ್ತವೆ. ಕೆಲವು ಜಾತಿಯ ಹಲ್ಲಿಗಳಿಗೂ ಅದು ಆಗಿಬರುವುದಿಲ್ಲ. ನಿಮ್ಮ ಬರಹದಲ್ಲಿ ಆಮೆಯ ಹೆಸರೂ ಇತ್ತು, ಯಾವ ಔಷಧಿ ಅಂತ ಇರಲಿಲ್ಲ. ಅದನ್ನು ಓದಿದವರು ಮನೆಯಲ್ಲಿ ಯಾವ ಬಾಟಲಿ ಇದೆಯೋ ಅದನ್ನೇ ಎತ್ತಿಕೊಳ್ಳುತ್ತಾರೆ.

ಸರೀಸೃಪಗಳನ್ನು ನೋಡುವ ಪಶುವೈದ್ಯರೊಬ್ಬರನ್ನು ಹುಡುಕಿ ಫೋನ್ ಮಾಡಿದೆ. ಅವರ ಮೊದಲ ಮಾತು, ‘ಔಷಧಿ ಆಮೇಲೆ. ಹಿಕ್ಕೆ ತನ್ನಿ.’ ಅವತ್ತಿನದ್ದೇ ಆಗಿರಬೇಕು, ಒಣಗಿರಬಾರದು, ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿರಬೇಕು. ತರುವುದು ತಡವಾದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಮಾತ್ರ ಬೇಡ ಅಂದರು. ಫ್ರಿಜ್ ತೆಗೆದ ನಮ್ಮ ಯಜಮಾನರು ಡಬ್ಬಿಯ ಮೇಲಿನ ಚೀಟಿ ಓದಿ, ಅದನ್ನು ಇಟ್ಟಲ್ಲೇ ಇಟ್ಟು, ಎರಡು ದಿನ ಆ ಬಾಗಿಲನ್ನೇ ಮುಟ್ಟಲಿಲ್ಲ.

ವೈದ್ಯರು ಪರೀಕ್ಷೆಯನ್ನು ನನ್ನೆದುರಿಗೇ ಮಾಡಿದರು. ಮೊದಲು ಒಂದು ತೊಟ್ಟನ್ನು ಹಾಗೇ ಗಾಜಿನ ಮೇಲೆ ಹರಡಿ ಓಡಾಡುವ ಸೂಕ್ಷ್ಮಜೀವಿಗಳಿವೆಯಾ ಅಂತ ನೋಡಿದರು. ಆಮೇಲೆ ಮಿಕ್ಕಿದ್ದನ್ನು ಗಟ್ಟಿ ಉಪ್ಪುದ್ರಾವಣದಲ್ಲಿ ಕಲಸಿಟ್ಟರು. ಕಸ ತಳಕ್ಕೆ ಇಳಿಯುತ್ತದೆ, ಹಗುರವಾದ ಮೊಟ್ಟೆಗಳು ಮೇಲೆ ತೇಲಿ ಗಾಜಿನ ಬಿಲ್ಲೆಗೆ ಅಂಟುತ್ತವೆ. ನನಗೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಉದ್ದುದ್ದ ಮೊಟ್ಟೆಗಳು, ಒಂದು ಮಗ್ಗುಲು ಚಪ್ಪಟೆ. ಗಾಜನ್ನು ಯಾವ ಕಡೆ ಸರಿಸಿದರೂ ಅವೇ. ಕರುಳಿನಲ್ಲಿ ಬದುಕುವ, ದಾರದಂಥ ಸಣ್ಣ ಹುಳ, ಪಿನ್‌ವರ್ಮ್.

ಆಗ ಅವರು ಹೇಳಿದ್ದನ್ನು ಆ ಬರಹ ಬರೆದವರೂ ಕೇಳಿಸಿಕೊಳ್ಳಬೇಕು. ಈ ಜಾತಿಯ ಹಲ್ಲಿಗಳ ಕರುಳಿನಲ್ಲಿ ನಾಲ್ಕಾರು ಪಿನ್‌ವರ್ಮ್ ಇರುವುದು ಮಾಮೂಲು. ಹಲ್ಲಿ ಗಟ್ಟಿಮುಟ್ಟಾಗಿದ್ದರೆ, ತೂಕ ನಿಂತಿದ್ದರೆ, ಎಷ್ಟೋ ಸಲ ಔಷಧಿಯೇ ಬೇಕಾಗುವುದಿಲ್ಲ. ಮೊಟ್ಟೆ ಜಾಸ್ತಿ ಕಂಡು, ಹಲ್ಲಿಯೂ ಸೊರಗಿದ್ದರೆ ಆಗ ಔಷಧಿ. ಇನ್ನೊಂದು ತಮಾಷೆ ಕೇಳಿ. ತಿಂದ ಜೀರುಂಡೆಯ ಹೊಟ್ಟೆಯಲ್ಲಿದ್ದ ಹುಳದ ಮೊಟ್ಟೆಗಳು ಹಲ್ಲಿಯ ಕರುಳಿನಲ್ಲಿ ಹಾಗೇ ಹಾದು ಹೊರಗೆ ಬರುವುದೂ ಉಂಟು. ಗೊತ್ತಿಲ್ಲದವರು ಅದನ್ನು ಹಲ್ಲಿಯ ರೋಗ ಅಂದುಕೊಳ್ಳುತ್ತಾರೆ. ಕಾಕ್ಸಿಡಿಯಾ ಇದ್ದರೆ ಲೆಕ್ಕವೇ ಬೇರೆ. ಅದು ಹುಳವಲ್ಲ, ಒಂದೇ ಜೀವಕೋಶದ ಜೀವಿ. ಹುಳದ ಔಷಧಿ ಎಷ್ಟು ಕುಡಿಸಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಅದಕ್ಕೆ ಬೇರೆಯದೇ ಔಷಧಿ ಬೇಕು.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ. ವೈದ್ಯರು ಗುಂಡನನ್ನು ತೂಗಿ, 320 ಗ್ರಾಂಗೆ ಫೆನ್‌ಬೆಂಡಜೋಲ್ ಅನ್ನುವ ಹುಳದ ಔಷಧಿ 8 ಮಿಲಿಗ್ರಾಂ ಅಂತ ಬರೆದರು. ಈಗೊಮ್ಮೆ, ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ, ಆಮೇಲೆ ಮತ್ತೆ ಹಿಕ್ಕೆ ಪರೀಕ್ಷೆ. ಅಲ್ಲೇ ಅಳೆದು ಕೊಡ್ತೀನಿ ಅಂದರೆ, ‘ಬೇಡ, ನಾನೇ ಅಳೀತೀನಿ, ಇದೇ ನನ್ನ ಕೆಲಸ’ ಅಂದೆ. ಬಾಟಲಿ 10 ಪರ್ಸೆಂಟ್ ಸಸ್ಪೆನ್ಷನ್. ಅಂದರೆ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. 8 ಮಿಲಿಗ್ರಾಂಗೆ 0.08 ಮಿಲಿ. ರಾತ್ರಿ ಅಂಗಡಿ ಮುಚ್ಚಿ ಬಂದು, ನಿದ್ದೆಗಣ್ಣಲ್ಲಿ 1 ಮಿಲಿ ಸಿರಿಂಜಿಗೆ 0.8 ಎಳೆದೆ. ದಿನವಿಡೀ ಮಕ್ಕಳ ಸಿರಪ್ಪಿಗೆ 5 ಮಿಲಿ, 10 ಮಿಲಿ ಅಂತ ಹೇಳುವ ಬಾಯಿ, 0.8 ಅಂದರೆ ಕಣ್ಣಿಗೆ ಏನೂ ಅಲ್ಲ. ಮಗಳು ಪಕ್ಕದಲ್ಲಿ ಕೂತು ಚೀಟಿಯ ಹಿಂದೆ ಲೆಕ್ಕ ಹಾಕುತ್ತಿದ್ದಳು. ‘ಅಮ್ಮಾ, ಇದು 80 ಆಯ್ತಲ್ಲಮ್ಮಾ?’ ಅಂದಳು. ಸಿರಿಂಜ್ ಗುಂಡನ ಬಾಯಿಯ ಹತ್ತಿರ ಇತ್ತು.

ಫೆನ್‌ಬೆಂಡಜೋಲ್ ನಾಯಿಗಳಲ್ಲಿ ಸೌಮ್ಯವಾದ ಔಷಧಿ ಅಂತಲೇ ಹೆಸರು ಮಾಡಿದೆ. ಸರೀಸೃಪಗಳಲ್ಲಿ ಡೋಸ್ ಮೀರಿದರೆ ಮೂಳೆಮಜ್ಜೆಗೆ ಪೆಟ್ಟು ಬೀಳುತ್ತದೆ, ಬಿಳಿರಕ್ತಕಣ ಕುಸಿಯುತ್ತದೆ, ಕರುಳಿನ ಒಳಪದರವೂ ಹಾಳಾಗುತ್ತದೆ. ಮರುದಿನ ಬಾಟಲಿ ಹಿಡಿದುಕೊಂಡು ವೈದ್ಯರ ಹತ್ತಿರವೇ ಹೋಗಿ ಅಳೆಸಿಕೊಂಡು ಬಂದೆ. ಅವರು ನಗಲಿಲ್ಲ, ಅದೇ ದೊಡ್ಡದು. ಅಳೆಯುವ ಮೊದಲು ಬಾಟಲಿಯನ್ನು ಚೆನ್ನಾಗಿ ಕುಲುಕಿದರು. ಇದನ್ನಂತೂ ನಾನು ದಿನಾ ಹತ್ತು ಜನಕ್ಕೆ ಹೇಳುತ್ತೇನೆ. ಸಸ್ಪೆನ್ಷನ್ ತಳದಲ್ಲಿ ಕೂರುತ್ತದೆ. ಕುಲುಕದಿದ್ದರೆ ಮೊದಲ ಡೋಸ್ ಬರೀ ನೀರು, ಕೊನೆಯ ಡೋಸ್ ಬರೀ ಔಷಧಿ.

ಕುಡಿಸುವುದಕ್ಕೂ ಒಂದು ಹದ ಇದೆ. ಹಲ್ಲಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಗಂಟಲಿಗೆ ಒತ್ತಿ ಬಿಟ್ಟರೆ ಔಷಧಿ ಶ್ವಾಸಕೋಶಕ್ಕೆ ಹೋಗಬಹುದು. ತುಟಿಯ ಅಂಚಿಗೆ ತೊಟ್ಟು ಹಚ್ಚಿದರೆ ಗುಂಡ ತಾನೇ ನೆಕ್ಕಿಕೊಳ್ಳುತ್ತಾನೆ. ಮೈ ತಣ್ಣಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ. ಅದಕ್ಕೇ ಅವನು 40 ಡಿಗ್ರಿ ಆಸುಪಾಸಿನ ಬಿಸಿಲುದೀಪದ ಕೆಳಗೆ ಮೈ ಕಾಯಿಸಿಕೊಂಡ ಮೇಲೆಯೇ ಕೊಟ್ಟೆ. ಕಣ್ಣು ಒಳಗೆ ಹೋಗಿ, ಚರ್ಮ ಸುಕ್ಕಾಗಿದ್ದರೆ ಮೊದಲು ನೀರಿನಂಶ ತುಂಬಿಸಬೇಕು, ಔಷಧಿ ಆಮೇಲೆ ಅಂತ ವೈದ್ಯರು ಹೇಳಿದ್ದರು.

ಔಷಧಿಯದ್ದು ಎರಡು ದಿನದ ಕೆಲಸ, ಉಳಿದದ್ದು ಸೊಂಟ ಮುರಿಯುವ ಕೆಲಸ. ಪಿನ್‌ವರ್ಮ್‌ಗೆ ಹರಡಲು ನಡುವೆ ಬೇರೆ ಪ್ರಾಣಿ ಬೇಕಿಲ್ಲ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಮತ್ತೆ ಬಾಯಿಗೆ ಹೋದರೆ ಮುಗಿಯಿತು, ಮೊದಲಿಂದ ಶುರು. ಮರಳೆಲ್ಲ ಎತ್ತಿ ಹಾಕಿ ಪೇಪರ್ ಹಾಸಿದೆ. ಹಿಕ್ಕೆ ಹಾಕಿದ ಕೂಡಲೇ ತೆಗೆದೆ. ಬಟ್ಟಲು, ಕಲ್ಲು ಎಲ್ಲವನ್ನೂ ಮೊದಲು ಸೋಪಿನಿಂದ ಉಜ್ಜಿ, ಆಮೇಲೆ ಕುದಿಯುವ ನೀರು ಹುಯ್ದೆ. ತಿನ್ನದೆ ಬಿಟ್ಟ ಜೀರುಂಡೆಗಳನ್ನು ರಾತ್ರಿಯೇ ಹೆಕ್ಕಿದೆ. ಅವು ಹಿಕ್ಕೆ ಮೇಯುತ್ತವೆ, ಬೆಳಿಗ್ಗೆ ಗುಂಡ ಅವನ್ನು ಮೇಯುತ್ತಾನೆ. ತೊಳೆದದ್ದೆಲ್ಲ ಬಚ್ಚಲಲ್ಲಿ, ಬೇರೆ ಬಕೆಟ್ಟಿನಲ್ಲಿ. ಅಡುಗೆಮನೆಯ ಸಿಂಕ್ ಹತ್ತಿರ ತರಲಿಲ್ಲ. ಹುಳ ಇರಲಿ ಬಿಡಲಿ, ಆರೋಗ್ಯವಾಗಿರುವ ಹಲ್ಲಿಯ ಮೈಯಲ್ಲೂ ಮನುಷ್ಯರಿಗೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಎರಡನೇ ಡೋಸ್ ಆಗಿ ಮೂರು ವಾರಕ್ಕೆ ಮತ್ತೆ ಹಿಕ್ಕೆ ಒಯ್ದೆ. ಗಾಜಿನ ತುಂಬ ಹುಡುಕಿದರೂ ಎರಡೇ ಮೊಟ್ಟೆ. ಪೂರ್ತಿ ಹೋಗುವ ಹಾಗೆ ಇನ್ನೊಂದು ಡೋಸ್ ಹಾಕೋಣವಾ ಅಂತ ಕೇಳಿದೆ. ಬೇಡ, ಸಾಕು, ನಿಲ್ಲಿಸಿ ಅಂದರು. ಮೂರನೇ ತಿಂಗಳಿಗೆ ಗುಂಡ 351 ಗ್ರಾಂ. ನಿಮ್ಮ ಬರಹದ ಪ್ರಕಾರ ಅಷ್ಟು ಹೊತ್ತಿಗೆ ಅವನಿಗೆ ಇನ್ನೊಮ್ಮೆ ಔಷಧಿ ಬೀಳಬೇಕಿತ್ತು.

ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ. ‘ಹಲ್ಲಿ, ಆಮೆಗಳಿಗೆ ಹಿಕ್ಕೆ ಪರೀಕ್ಷೆ ಮಾಡಿಸದೆ ಹುಳದ ಔಷಧಿ ಕೊಡಬೇಡಿ, ಆಮೆಗೆ ಐವರ್ಮೆಕ್ಟಿನ್ ಬೇಡವೇ ಬೇಡ’ ಅಂತ ಇಷ್ಟಿದ್ದರೆ ಸಾಕು. ಬರಹ ಬಂದ ಪುಟದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ.

ಇತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು