ಹಳೆ ಜೀಪಿಗೆ ಎಂಜಿನ್ ಹುಡುಕುವವರಿಗೆ

ಎಲ್ಲರಿಗೂ ನಮಸ್ಕಾರ. ರೀಬಿಲ್ಡ್ ಮಾಡಿಸೋಕೆ ಜೀಪಿನ 4.0 ಲೀಟರ್ ಎಂಜಿನ್ ಹುಡುಕುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನ ಓದಿ. ಈ ಆರು ಸಿಲಿಂಡರ್ ಎಂಜಿನ್ 1987ರಿಂದ 2006ರ ಮಾಡೆಲ್‌ವರೆಗೂ ಬಂದಿದೆ, ನೋಡೋಕೆ ಎಲ್ಲಾ ಒಂದೇ ಥರ, ಆದರೆ ಮಧ್ಯೆ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ), ಸೆನ್ಸರ್, ಮ್ಯಾನಿಫೋಲ್ಡ್ (ಗಾಳಿ, ಹೊಗೆ ಹೋಗುವ ಕೊಳವೆಗಳು) ಬದಲಾಗಿವೆ, ಹಾಗಾಗಿ ನಿಮ್ಮ ಗಾಡಿಯ ವರ್ಷಕ್ಕೆ ಹತ್ತಿರದ್ದನ್ನೇ ನೋಡಿ. ಹೆಡ್ ಮೇಲೆ 0331 ಅಂತಿದ್ದರೆ ಹುಷಾರು. 2000-2001ರ ಈ ಹೆಡ್‌ಗಳು 3 ಮತ್ತು 4ನೇ ಸಿಲಿಂಡರ್ ನಡುವೆ ಬಿರುಕು ಬಿಡೋದು ಜಾಸ್ತಿ. ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಒಳಗೆ ಬೆಳ್ಳಗೆ ಲೋಳೆ ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು, ಕಾರಣ ಗೊತ್ತಾಗದೆ ಮುಂದುವರಿಯಬೇಡಿ. ಹೇಗೂ ಬಿಚ್ಚಿ ಕಟ್ಟಿಸ್ತೀವಲ್ಲ ಅಂತ ಸುಮ್ನೆ ತಗೊಳ್ಳಬೇಡಿ, ಬೋರ್ (ಸಿಲಿಂಡರ್ ಒಳಗಿನ ರಂಧ್ರ) ಈಗಾಗಲೇ ದೊಡ್ಡದು ಮಾಡಿಸಿದ್ದರೆ ಮತ್ತೆ ಕೊರೆಯೋಕೆ ಸಿಲಿಂಡರ್ ಗೋಡೆ ಸಾಕಷ್ಟು ಉಳಿದಿರದೆ ಇರಬಹುದು. ಹಳೆ ಎಂಜಿನ್‌ನ ಸೆನ್ಸರ್, ಬ್ರಾಕೆಟ್ ಯಾವುದನ್ನೂ ಬಿಸಾಕಬೇಡಿ, ಹೊಸದಕ್ಕೆ ಬೇಕಾಗುತ್ತವೆ.